ಚಂಚಲಾಂಕ ಎಂಬತ್ತಾರು

ಮೌನೇಶಪ್ಪ ಕಮ್ಮಾರರ ಅಂಕಿ ಎಂಬತ್ತಾರು ಎಂದು ಬಂದ ದಿನ ಅದನ್ನು ಅವರ ಮನೆಗೆ ಹೋಗಿ ತಿಳಿಸಿದವಳು ನಾನು. ಬೇರೆ ಯಾರಾದರೂ ತಿಳಿಸಬಹುದಿತ್ತು, ಆಸ್ಪತ್ರೆಯಲ್ಲಿ ಆ ಕೆಲಸಕ್ಕೆಂದೇ ಇಬ್ಬರು ಸಮಾಲೋಚಕರಿದ್ದರು. ಆದರೆ ಅವರ ಹೆಂಡತಿ ಕಸ್ತೂರಿ ಮೇಡಂ ನನಗೆ ಕೈಹಿಡಿದು ಕೆಲಸ ಕಲಿಸಿದವರು. ಅಲ್ಲದೆ ಆ ಅಂಕಿಯನ್ನು ಹೇಳುವ ಯಂತ್ರವನ್ನು ಕಟ್ಟಿದವರಲ್ಲಿ ನಾನೂ ಒಬ್ಬಳು.

ನನ್ನ ಹೆಸರು ತಬಸ್ಸುಮ್ ಕಿತ್ತೂರ. ೨೦೧೮ರಲ್ಲಿ, ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಹುಬ್ಬಳ್ಳಿಯ ಆ ಆಸ್ಪತ್ರೆಯ ರೋಗನಿದಾನ ಲ್ಯಾಬಿಗೆ ಕಲಿಯಲು ಬಂದೆ. ಬಾಗಿಲು ತೆಗೆದರೆ ಬೆಚ್ಚನೆಯ ಮೇಣದ ವಾಸನೆ, ಅದರ ಹಿಂದೆಯೇ ಮೇಣ ಕರಗಿಸಲು ಬಳಸುವ, ಮೂಗಿಗೆ ಚುಚ್ಚುವ ಝೈಲೀನ್ ವಾಸನೆ. ಕಿಟಕಿಯ ಪಕ್ಕ ಸ್ಟೂಲಿನ ಮೇಲೆ ಕೂತು ಕಸ್ತೂರಿ ಬಡಿಗೇರ ಮೇಡಂ ಮೈಕ್ರೋಟೋಮಿನ ಚಕ್ರ ತಿರುಗಿಸುತ್ತಿದ್ದರು. ರೋಗಿಯ ದೇಹದಿಂದ ತೆಗೆದ ಚೂರನ್ನು ಮೇಣದ ಅಚ್ಚಿನೊಳಗೆ ಕೂರಿಸಿ, ಕೂದಲೆಳೆಗಿಂತ ತೆಳ್ಳಗೆ ಹೆರೆಯುವ ಯಂತ್ರ ಅದು. ಹೆರೆದದ್ದು ಪಟ್ಟಿಯಾಗಿ ಬರುತ್ತಿತ್ತು. ಅದನ್ನು ಕುಂಚದ ತುದಿಯಿಂದ ಎತ್ತಿ ಬಿಸಿನೀರಿನ ಮೇಲೆ ತೇಲಿಬಿಟ್ಟರೆ ಸುಕ್ಕು ತಾನಾಗಿ ಬಿಡಿಸಿಕೊಳ್ಳುತ್ತಿತ್ತು. ಆಮೇಲೆ ಗಾಜಿನ ಮೇಲೆ ಹಿಡಿದು, ಬಣ್ಣ ಹಾಕಿ, ಡಾಕ್ಟರರ ಮುಂದಿಡುವುದು.

"ಉಸಿರು ಹಿಡಿ" ಎಂದರು ಮೊದಲನೆಯ ದಿನ. "ನೀ ಉಸಿರು ಬಿಟ್ಟರ ಒಬ್ಬರ ಪುಪ್ಪುಸ ಹಾರಿ ಹೋಗ್ತದ."

ನಾನು ನಿಜವೆಂದುಕೊಂಡು ನೀಲಿಗಟ್ಟುವ ತನಕ ಉಸಿರು ಹಿಡಿದಿದ್ದೆ. ಅವರು ನಕ್ಕು ಬೆನ್ನಿಗೊಂದು ಗುದ್ದು ಕೊಟ್ಟರು.

ಮೌನೇಶಪ್ಪನವರನ್ನೂ ನಾನು ಅಲ್ಲಿಯೇ ನೋಡಿದ್ದು. ಗದಗಿನವರು, ಸೂಕ್ಷ್ಮದರ್ಶಕ ರಿಪೇರಿ ಮಾಡುವವರು. ಉತ್ತರ ಕರ್ನಾಟಕದ ಅರ್ಧ ಆಸ್ಪತ್ರೆ, ಕಾಲೇಜುಗಳ ಸೂಕ್ಷ್ಮದರ್ಶಕಗಳ ಒಳಗುಟ್ಟು ಅವರಿಗೆ ಗೊತ್ತಿತ್ತು. ತೊಗಲಿನ ಚೀಲದಲ್ಲಿ ಬೆರಳುದ್ದದ ಸ್ಕ್ರೂಡ್ರೈವರುಗಳು, ಮಸೂರ ಒರೆಸಲು ಹಳೆಯ ಮಲ್ಲಿನ ಧೋತರದ ತುಂಡು. ೧೯೯೬ರಲ್ಲಿ ಮೊದಲ ಸಲ ಈ ಲ್ಯಾಬಿಗೆ ಬಂದಾಗ ಮಸೂರಕ್ಕೆ ಬೂಸು ಹಿಡಿದಿತ್ತಂತೆ. ಕೇಳದೇ ಬಿಚ್ಚಿದರೆಂದು ಕಸ್ತೂರಿ ಮೇಡಂ ಜಗಳ ತೆಗೆದರಂತೆ. ಆಮೇಲೆ ಆ ಸೂಕ್ಷ್ಮದರ್ಶಕ ತಿಂಗಳಿಗೊಮ್ಮೆ ಕೆಡತೊಡಗಿತು. ಹನ್ನೊಂದು ತಿಂಗಳಾದ ಮೇಲೆ ಮದುವೆಯೂ ಆಯಿತು.

"ಪ್ರತಿ ಸಲ ಹೋಗೂವಾಗ ಒಂದು ಸ್ಕ್ರೂ ನಾನಽ ಸಡ್ಲ ಮಾಡಿ ಹೋಗ್ತಿದ್ದೆ" ಎಂದು ನಮ್ಮೆದುರು ಒಪ್ಪಿಕೊಳ್ಳುತ್ತಿದ್ದರು ಮೌನೇಶಪ್ಪ.

"ನನಗ ಗೊತ್ತಿತ್ತು" ಎನ್ನುತ್ತಿದ್ದರು ಮೇಡಂ. "ಬಿಗಿ ಮಾಡಾಕ ನನಗೂ ಬರ್ತಿತ್ತು. ಮಾಡಲಿಲ್ಲ, ಅಷ್ಟ."

ಮಕ್ಕಳಾಗಲಿಲ್ಲ. ಲ್ಯಾಬಿಗೆ ಕಲಿಯಲು ಬಂದ ನಾವೇ ಹಬ್ಬಕ್ಕೆ ಅವರ ಮನೆಗೆ ಹೋಗಿ ಹೋಳಿಗೆ ಉಂಡು ಬರುತ್ತಿದ್ದೆವು. ರಂಜಾನ್ ತಿಂಗಳಲ್ಲಿ ಸಂಜೆ ಹೊತ್ತು ಸರಿಯಾಗಿ ಮೇಡಂ ನನ್ನ ಮೇಜಿನ ಮೇಲೆ ಖರ್ಜೂರ ಇಡುತ್ತಿದ್ದರು.

೨೦೩೧ರಲ್ಲಿ ಅವರು ನಿವೃತ್ತರಾದರು. ಆ ಹೊತ್ತಿಗೆ ನಾನು ಮುಂದೆ ಓದಿ ಲ್ಯಾಬಿನ ಸಂಶೋಧನಾ ತಂಡ ಸೇರಿದ್ದೆ. ಮೂರೇ ವರ್ಷಕ್ಕೆ ಲ್ಯಾಬಿನಿಂದ ಮೇಣದ ವಾಸನೆ ಹೋಯಿತು, ಗಾಜುಗಳೂ ಹೋದವು. ಅವುಗಳ ಜಾಗಕ್ಕೆ ತೊಟ್ಟಿಲು ಬಂತು.

ತೊಟ್ಟಿಲು ಎಂದು ಹೆಸರಿಟ್ಟವರು ನಾವೇ, ಅದರ ಅಧಿಕೃತ ಹೆಸರು ಎರಡು ಸಾಲು ಉದ್ದವಿತ್ತು. ಅಂಗೈಯಗಲದ ಒಂದು ಫಲಕ, ಅದರಲ್ಲಿ ಸಾಸಿವೆಯಷ್ಟು ಗುಳಿಗಳು, ಪ್ರತಿ ಗುಳಿಯ ತಳದಲ್ಲಿ ಉಸಿರಾಡುವ ಹಾಗೆ ಹಿಗ್ಗಿ ಕುಗ್ಗುವ ಪೊರೆ. ರೋಗಿಯ ಗಡ್ಡೆಯಿಂದ ತೆಗೆದ ಜೀವಂತ ಕೋಶಗಳನ್ನು ಅಲ್ಲಿ ಮಲಗಿಸಿ, ಉಣ್ಣಿಸಿ, ಹದಿನಾಲ್ಕು ದಿನ ಕಾಯುತ್ತಿದ್ದೆವು. ಅವು ಏನಾಗುತ್ತವೆಂದು ಯಂತ್ರ ಕಣ್ಣು ಮಿಟುಕಿಸದೆ ನೋಡುತ್ತಿತ್ತು.

ನೋಡಬೇಕಾದದ್ದು ಎರಡು ಸಂಗತಿ. ಪುಪ್ಪುಸದ ಒಳಮೈಯ ಕೋಶಗಳು ಒಂದರ ಕೈ ಒಂದು ಹಿಡಿದು ಸಾಲಾಗಿ ನಿಲ್ಲುವಂಥವು. ಕ್ಯಾನ್ಸರಾದ ಮೇಲೂ ಕೆಲವು ಹಾಗೆಯೇ ನಿಂತಿರುತ್ತವೆ. ಕೆಲವು ಮಾತ್ರ ಕೈಬಿಟ್ಟು, ಉದ್ದಕ್ಕೆ ಎಳೆದುಕೊಂಡು, ಅಲೆಮಾರಿಗಳಾಗಿ ರಕ್ತದೊಳಗೆ ಇಳಿಯುತ್ತವೆ. ಇನ್ನೂ ಕೆಲವು ತಾವು ಪುಪ್ಪುಸದವು ಎನ್ನುವುದನ್ನೇ ಮರೆತು, ಬಸಿರೊಳಗಿನ, ಯಾವ ಅಂಗವಾಗಿಯೂ ಬೆಳೆಯಬಲ್ಲ ಬೀಜಕೋಶಗಳಂತೆ ಆಗಿಬಿಡುತ್ತವೆ. ಅವು ಔಷಧಿಗೆ ಸಾಯುವುದಿಲ್ಲ, ಹೋದಲ್ಲಿ ಹೊಸದಾಗಿ ಮೊಳೆಯುತ್ತವೆ. ಈ ಅಲೆಮಾರಿಗಳೂ ಬೀಜಗಳೂ ಎಷ್ಟಿವೆ, ಎಷ್ಟು ಬೇಗ ಹೆಚ್ಚುತ್ತಿವೆ ಎಂಬುದನ್ನು ತೊಟ್ಟಿಲು ನೂರಕ್ಕೆ ಇಷ್ಟು ಎಂದು ಹೇಳುತ್ತಿತ್ತು. ಅದೇ ಚಂಚಲಾಂಕ.

ಎಪ್ಪತ್ತೈದರ ಒಳಗಿದ್ದವರಿಗೆ ಗುಳಿಗೆ. ಕೋಶಗಳು ಮತ್ತೆ ಕೈಹಿಡಿಯುವಂತೆ ಮಾಡುವ ಹೊಸ ಗುಳಿಗೆ ಆ ಹೊತ್ತಿಗೆ ಬಂದಿತ್ತು, ಎಷ್ಟೋ ಜನ ಅದರಿಂದ ವರ್ಷಗಟ್ಟಲೆ ಬದುಕಿದರು. ಎಪ್ಪತ್ತೈದು ದಾಟಿದವರಿಗೆ ಆರೈಕೆ ಮಾತ್ರ. ನೋವಿಗೆ ಮದ್ದು, ಉಸಿರಿಗೆ ಆಮ್ಲಜನಕ, ಮನೆಗೆ ಬಂದು ನೋಡುವ ನರ್ಸು. ಗುಳಿಗೆ ಅವರಿಗೆ ಹತ್ತುವುದಿಲ್ಲ, ಸುಮ್ಮನೆ ಮೈ ಹಣ್ಣು ಮಾಡುತ್ತದೆ ಎಂದು ಪರೀಕ್ಷೆಗಳಲ್ಲಿ ಕಂಡಿತ್ತು. ಆ ನಿಯಮ ಮಾಡಿದ ಸಮಿತಿಯಲ್ಲಿ ನಾನೂ ಕೈ ಎತ್ತಿದ್ದೆ. ಸಾಯುವವರನ್ನು ಸುಮ್ಮಸುಮ್ಮನೆ ಹಿಂಸಿಸುವುದು ತಪ್ಪಿತಲ್ಲ ಎಂದು ಆವತ್ತು ಸಮಾಧಾನದಿಂದಲೇ ಮನೆಗೆ ಹೋಗಿದ್ದೆ.

೨೦೪೧ರ ಫೆಬ್ರವರಿಯಲ್ಲಿ ಮೌನೇಶಪ್ಪನವರಿಗೆ ಕೆಮ್ಮು ಹಿಡಿಯಿತು. ಏಪ್ರಿಲಿನಲ್ಲಿ ಎಂಬತ್ತಾರು ಬಂತು.

ಅವರ ಮನೆ ಗೋಕುಲ ರಸ್ತೆಯ ಹಿಂದಿನ ಓಣಿಯಲ್ಲಿ. ನಾನು ಹೋದಾಗ ಮೇಡಂ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದರು. ನನ್ನ ಮುಖ ನೋಡಿ ಕೈಯಲ್ಲಿದ್ದ ಟವೆಲ್ಲನ್ನು ಬುಟ್ಟಿಗೆ ಹಾಕಿದರು.

"ಕುಂಡ್ರು. ಚಾ ಆಮ್ಯಾಲೆ. ಎಷ್ಟು ಬಂತು?"

"ಎಂಬತ್ತಾರು, ಮೇಡಂ."

ಮೌನೇಶಪ್ಪ ಒಳಗಿನಿಂದ ಕೇಳಿಸಿಕೊಂಡಿದ್ದರು. "ಎಂಬತ್ತಾರು ಅಂದ್ರ ಡಿಸ್ಟಿಂಕ್ಷನ್ ಅಲ್ಲೇನು?" ಎಂದು ಬಾಗಿಲಿಗೆ ಬಂದು ನಿಂತರು. ಎಪ್ಪತ್ಮೂರು ವರ್ಷದ ಎತ್ತರದ ಮನುಷ್ಯ, ಎರಡು ತಿಂಗಳಲ್ಲಿ ಅಂಗಿ ಜೋತುಬಿದ್ದಿತ್ತು. "ಎಷ್ಟು ದಿನಾ ತಂಗಿ? ಅಳತಿ ಮಾತು ಹೇಳು, ನಾ ಮಶೀನಿನ ಮನಿಷಾ."

"ಐದು ತಿಂಗಳು. ಆರೂ ಆಗಬಹುದು."

ಅವರು ತಲೆದೂಗಿ ಕುರ್ಚಿಯಲ್ಲಿ ಕೂತರು. ಮೇಡಂ ನನ್ನನ್ನೇ ನೋಡುತ್ತಿದ್ದರು.

"ಗಾಜಿನ ಮ್ಯಾಲೆ ಯಾರು ನೋಡಿದ್ರು?"

"ಈಗ ಯಾರೂ ಗಾಜು ನೋಡೋದಿಲ್ಲ ಮೇಡಂ."

"ಕಾಯ್ದೆ ಪ್ರಕಾರ ಒಂದು ಚೂರು ಮೇಣದಾಗ ಇಡತೀರಿ ಹೌದಲ್ಲೋ? ಇಪ್ಪತ್ತು ವರ್ಷ ಇಡಬೇಕು. ಆ ಕಾಯ್ದೆ ಬಂದಾಗ ನಾ ಇನ್ನೂ ಕೆಲಸದಾಗ ಇದ್ದೆ."

"ಹೌದು. ತಳಮನೆಯಲ್ಲಿದಾವೆ."

"ಹಂಗಾದ್ರ ನಾ ಕೊಯ್ದು ನೋಡ್ತೀನಿ. ನಿನ್ನ ಯಂತ್ರದ ಮ್ಯಾಲೆ ನನಗ ಸಿಟ್ಟಿಲ್ಲ, ತಬಸ್ಸುಮ್. ಮೂವತ್ತೇಳು ವರ್ಷ ಮಂದೀ ಹಣೇಬರಾ ಕೊಯ್ದು ಗಾಜಿನ ಮ್ಯಾಲೆ ಇಟ್ಟಾಕಿ. ನನ್ನ ಮನೀದು ಬಂದಾಗ ಬ್ಯಾರೇದವರ ಮಾತು ಕೇಳಿ ಸುಮ್ಮನ ಕುಂಡ್ರಲೇನು?"

ನಾನು ಒಪ್ಪಿದೆ. ಅಂಕಿ ತಪ್ಪಿರಬಹುದೆಂದು ನನಗೆ ಅನಿಸಿರಲಿಲ್ಲ. ಅವರು ಕೇಳಿದ್ದಕ್ಕೆ ಇಲ್ಲವೆನ್ನಲಾರದೆ ಒಪ್ಪಿದೆ.

ತಳಮನೆಯ ಮೂಲೆಯಲ್ಲಿ ಹಳೆಯ ಮೈಕ್ರೋಟೋಮ್ ಪ್ಲಾಸ್ಟಿಕ್ ಹೊದ್ದು ಕೂತಿತ್ತು. ಮೇಡಂ ಹೊದಿಕೆ ತೆಗೆದು, ಚಕ್ರದ ಹಿಡಿಯ ಮೇಲೆ ಕೈಯಿಟ್ಟರು. ಹಿಡಿಯ ಬಣ್ಣ ಅವರ ಬೆರಳು ಕೂರುವಲ್ಲಿ ಸವೆದಿತ್ತು. ಬಣ್ಣಗಳನ್ನೂ ಒಂದು ಸೂಕ್ಷ್ಮದರ್ಶಕವನ್ನೂ ಒಂದು ಕಾಲೇಜಿನಿಂದ ಕೇಳಿ ತಂದೆವು. ಕೋಶಗಳು ಕೈಹಿಡಿದಿರುವ ಪ್ರೋಟೀನು ಎಲ್ಲಿದೆಯೋ ಅಲ್ಲಿ ಕಂದು ಬಣ್ಣ ಕಟ್ಟುವ ಒಂದು ದ್ರಾವಣ, ಅಲೆಮಾರಿಗಳನ್ನು ತೋರಿಸುವ ಇನ್ನೊಂದು.

"ಹತ್ತು ಅಚ್ಚು ಬ್ಯಾರೇದವರದು ಕೊಡು" ಎಂದರು ಮೇಡಂ. "ಎಲ್ಲಾ ಎಂಬತ್ತರ ಮ್ಯಾಲಿನವು."

"ಯಾಕೆ ಮೇಡಂ?"

"ಏನ ಕಲಿಸಿದ್ದೆ ನಿನಗ? ಒಂದಽ ಗಾಜು ನೋಡಿ ಮಾತಾಡಬಾರದು. ಬಾಜೂಕ ಸಾಕ್ಷಿ ಇರಬೇಕು."

ನಾನು ಕಪಾಟಿನಿಂದ ಕೈಗೆ ಸಿಕ್ಕ ಹತ್ತು ಅಚ್ಚುಗಳನ್ನು ತೆಗೆದುಕೊಟ್ಟೆ. ಮೇಡಂ ಅವನ್ನು ಮಂಜುಗಡ್ಡೆಯ ಮೇಲಿಟ್ಟು ತಂಪು ಮಾಡಿ ಚಕ್ರ ತಿರುಗಿಸಿದರು. ಮೊದಲ ನಾಲ್ಕೈದು ಪಟ್ಟಿ ಹರಿದವು. "ಕೈ ಮರತೈತಿ" ಎಂದು ಗೊಣಗಿದರು. ಆರನೆಯದು ನೀಟಾಗಿ ಇಳಿಯಿತು. ಅದು ಬಿಸಿನೀರಿನ ಮೇಲೆ ಬಿಡಿಸಿಕೊಳ್ಳುವುದನ್ನು ನೋಡುತ್ತಾ ನನಗೆ ಗೊತ್ತಿಲ್ಲದೆಯೇ ನಾನು ಉಸಿರು ಹಿಡಿದಿದ್ದೆ.

ಮರುದಿನ ಮಧ್ಯಾಹ್ನ ಗಾಜುಗಳು ಸಿದ್ಧವಾದವು. ಮೇಡಂ ಮೊದಲು ಗಂಡನದನ್ನೇ ನೋಡಿದರು. ಬಹಳ ಹೊತ್ತು ನೋಡಿದರು. ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ. ಆಮೇಲೆ ಕಣ್ಣು ತೆಗೆದು, ಸೆರಗಿನಿಂದ ಮೂಗು ಒರೆಸಿಕೊಂಡು ಹೇಳಿದರು.

"ಯಂತ್ರ ಖರೇ ಹೇಳೇತಿ. ಎಲ್ಲಾ ಕೈಬಿಟ್ಟಾವು. ಮೀನು ಹರದಾಡಿದಂಗ ಹರದಾಡ್ಯಾವು."

ನಾನೂ ನೋಡಿದೆ. ಕಂದು ಗೆರೆ ಎಲ್ಲೂ ಇರಲಿಲ್ಲ. ಎದ್ದು ಅವರ ಭುಜ ಹಿಡಿದೆ. "ಮನೆಗೆ ಬಿಟ್ಟು ಬರಲಾ ಮೇಡಂ?"

"ತಡಿ. ಕೊಯ್ದೀನಿ ಅಂದಮ್ಯಾಲೆ ಉಳದವನ್ನೂ ನೋಡಬೇಕು. ಅರ್ಧಕ್ಕ ಬಿಡಬಾರದು." ಕಣ್ಣು ಒದ್ದೆ ಇರುವಾಗಲೇ ಎರಡನೆಯ ಗಾಜು ಇಟ್ಟರು. ಅದೂ ಮೌನೇಶಪ್ಪನವರದರ ಹಾಗೆಯೇ. ಮೂರನೆಯದನ್ನು ಇಟ್ಟು ನೋಡಿದರು. ಗಾಜು ಸರಿಸಿ ಮತ್ತೆ ನೋಡಿದರು.

"ಇದರ ಅಂಕಿ ಎಷ್ಟು?"

"ಎಂಬತ್ತೊಂಬತ್ತು."

"ಯಾರು ಹೇಳಿದ್ದು? ಬಂದು ನೋಡು."

ನೋಡಿದೆ. ಕೋಶಗಳು ಉಂಗುರ ಉಂಗುರವಾಗಿ ಕೂತಿದ್ದವು, ಒಂದಕ್ಕೊಂದು ಭುಜ ತಾಗಿಸಿಕೊಂಡು. ಪ್ರತಿಯೊಂದರ ಸುತ್ತ ಗಾಢ ಕಂದು ಗೆರೆ. ಕೈಬಿಟ್ಟದ್ದು ನೂರಕ್ಕೆ ಐದೂ ಇಲ್ಲ. ಈ ಮನುಷ್ಯನಿಗೆ ನಾವು ಆರೈಕೆ ಮಾತ್ರ ಎಂದು ಬರೆದುಕೊಟ್ಟಿದ್ದೆವು.

ಬಣ್ಣ ತಪ್ಪಿರಬೇಕೆಂದು ಇನ್ನೊಮ್ಮೆ ಹಾಕಿದೆವು. ಮತ್ತೆ ಅದೇ. ಹತ್ತರಲ್ಲಿ ಆರು ಹೀಗಿದ್ದವು.

ಆ ಆರು ಜನ ಯಾರೆಂದು ಅವತ್ತೇ ಸಂಜೆ ಕಡತದಲ್ಲಿ ಹುಡುಕಿದೆ. ಆರೂ ಜನ ಆಗಲೇ ತೀರಿಕೊಂಡಿದ್ದರು. ವಯಸ್ಸು, ಗಂಡು, ಹೆಣ್ಣು, ಬೀಡಿ ಸೇದಿದವರು, ಸೇದದವರು, ಯಾವುದೂ ಹೊಂದಲಿಲ್ಲ. ಕೊನೆಗೆ ಊರು ನೋಡಿದೆ. ಬೀದರ್, ಯಾದಗಿರಿ, ಸಿಂಧನೂರು, ಔರಾದ್, ಸುರಪುರ, ಮಸ್ಕಿ. ಅಂಕಿಗೆ ಸರಿಹೊಂದಿದ ಉಳಿದ ನಾಲ್ಕು ಹುಬ್ಬಳ್ಳಿ, ಧಾರವಾಡ, ಗದಗಿನವು.

ತೊಟ್ಟಿಲು ಬಳಕೆಗೆ ಬರುವ ಮುನ್ನ ಅದನ್ನು ಪರೀಕ್ಷಿಸಿದ ಮೂರು ವರ್ಷ ನಮಗೆ ಬಂದ ಚೂರುಗಳೆಲ್ಲ ಅದೇ ಕಟ್ಟಡದ ಎರಡನೇ ಮಹಡಿಯ ಆಪರೇಷನ್ ಕೋಣೆಯಿಂದ ಬಂದವು. ಲಿಫ್ಟಿನಲ್ಲಿ ನಾಲ್ಕು ನಿಮಿಷದ ದಾರಿ. ಆಮೇಲೆ ಸರ್ಕಾರ ಹತ್ತೊಂಬತ್ತು ಜಿಲ್ಲೆಗೆ ವಿಸ್ತರಿಸಿತು. ಚೂರುಗಳು ತಂಪು ಪೆಟ್ಟಿಗೆಯಲ್ಲಿ ಕೂತು ಹದಿನಾಲ್ಕು, ಹದಿನಾರು ಗಂಟೆ ಕುಲುಕಾಡಿ ಬರತೊಡಗಿದವು. ಜೀವಂತ ಕೋಶ ಎಂದರೆ ಕಲ್ಲಲ್ಲ. ಚಳಿ, ಹಸಿವು, ಗಾಳಿ ಸಾಲದ್ದು, ಇವುಗಳಿಗೆ ಹೆದರಿ ಅವು ದಾರಿಯಲ್ಲೇ ಕೈಬಿಟ್ಟಿದ್ದವು. ಹೆದರಿದ ಮೇಲೆ ತೊಟ್ಟಿಲಲ್ಲಿ ಎಷ್ಟು ತೂಗಿದರೂ ಹದಿನಾಲ್ಕು ದಿನದಲ್ಲಿ ತಿರುಗಿ ಹಿಡಿದಿರಲಿಲ್ಲ. ಮೇಣದ ಅಚ್ಚಿನೊಳಗಿನ ಚೂರನ್ನೋ, ತೆಗೆದ ನಿಮಿಷದಲ್ಲೇ ಆ ಊರಿನಲ್ಲಿಯೇ ಫಾರ್ಮಲಿನ್‌ನಲ್ಲಿ ಅದ್ದಿರುತ್ತಾರೆ. ಅದು ಮನುಷ್ಯನೊಳಗೆ ಹೇಗಿತ್ತೋ ಹಾಗೆಯೇ ನಿಂತುಬಿಟ್ಟಿರುತ್ತದೆ.

ಅನುಮಾನ ಸಾಲದು, ಪುರಾವೆ ಬೇಕಿತ್ತು. ನಮ್ಮಲ್ಲೇ ಶಸ್ತ್ರಚಿಕಿತ್ಸೆಯಾದ ಒಬ್ಬರ ಚೂರನ್ನು ಅವರ ಒಪ್ಪಿಗೆ ಪಡೆದು ಎರಡು ಪಾಲು ಮಾಡಿದೆ. ಒಂದು ನೇರ ತೊಟ್ಟಿಲಿಗೆ. ಇನ್ನೊಂದು ತಂಪು ಪೆಟ್ಟಿಗೆಯಲ್ಲಿ ವ್ಯಾನು ಹತ್ತಿ ಬೀದರಿಗೆ ಹೋಗಿ ಬಂದು ತೊಟ್ಟಿಲಿಗೆ. ಹದಿನಾಲ್ಕು ದಿನ ಕಾದೆ.

ಆ ಹದಿನಾಲ್ಕು ದಿನ ಕಸ್ತೂರಿ ಮೇಡಂ ಮನೆಯಲ್ಲಿ ಇನ್ನೊಂದು ಗಲಾಟೆ ನಡೆದಿತ್ತು. ಗಾಜು ನೋಡಿದ ದಿನವೇ ಅವರು ಗಂಡನಿಗೆ ಎಲ್ಲ ಹೇಳಿದ್ದರು.

"ನಿಮ್ಮದು ಖರೇ ಐತ್ರಿ" ಎಂದರಂತೆ.

"ಉಳದವರದು?"

"ಆರು ಮಂದೀದು ಸುಳ್ಳು."

ಮೌನೇಶಪ್ಪ ಬಹಳ ಹೊತ್ತು ಕೆಮ್ಮಿ, ನೀರು ಕುಡಿದು, "ಹಂಗಾದ್ರ ನಿನಗ ಕೆಲಸ ಬಂತಲ್ಲ" ಎಂದರಂತೆ.

"ಯಾವ ಕೆಲಸಾನೂ ಇಲ್ಲ. ಕೊಯ್ಯೂದು ತಬಸ್ಸುಮ್‌ಗೂ ಬರ್ತದ. ನಾ ಈ ಐದು ತಿಂಗಳು ನಿಮ್ಮ ಜೋಡಿ ಕುಂಡ್ರಾಕಿ."

"ತಬಸ್ಸುಮ್ ಮಷೀನು ಮುಟ್ಟಿ ಎಷ್ಟು ವರ್ಷಾತು? ಸಾವಿರಗಟ್ಟಲೆ ಅಚ್ಚದಾವ ಅಂತೀ. ಅವರೊಳಗ ಇನ್ನೂ ಉಸರಾಡೂ ಮಂದಿ ಎಷ್ಟದಾರೋ? ನನ್ನ ಮುಂದ ಕುಂತು ನನ್ನ ಮಾರಿ ನೋಡಿದ್ರ ಅವರಿಗೇನು ಬಂತು, ನನಗೇನು ಬಂತು?"

"ನಿಮ್ಮ ಮಾರಿ ನೋಡೂದು ನನ್ನ ಸಲುವಾಗಿ!" ಎಂದು ಮೇಡಂ ಕೂಗಿ ಪಾತ್ರೆ ಎತ್ತಿ ಕುಕ್ಕಿದರಂತೆ. ಎರಡು ದಿನ ಮಾತು ಬಿಟ್ಟರು. ನಲವತ್ತನಾಲ್ಕು ವರ್ಷದ ಸಂಸಾರದಲ್ಲಿ ಅಷ್ಟು ದಿನ ಮಾತು ಬಿಟ್ಟದ್ದು ಅದೇ ಮೊದಲಂತೆ.

ಮೂರನೆಯ ದಿನ ಬೆಳಿಗ್ಗೆ ನಾನು ಲ್ಯಾಬಿಗೆ ಹೋದರೆ ಇಬ್ಬರೂ ತಳಮನೆಯ ಬಾಗಿಲಲ್ಲಿ ನಿಂತಿದ್ದರು. ಮೌನೇಶಪ್ಪನವರ ಹೆಗಲಲ್ಲಿ ಆ ತೊಗಲಿನ ಚೀಲ.

"ಇಕಿ ಬರೂದಿಲ್ಲ ಅಂದ್ಲು" ಎಂದರು. "ನಾ ಹೊಂಟೆ. ಬಿಟ್ಟು ಇರಾಕಾಗದ ಹಿಂದಽ ಬಂದ್ಲು."

ಹಳೆಯ ಸಾಮಾನಿನ ಕೋಣೆಯಲ್ಲಿ ಏಳು ಸೂಕ್ಷ್ಮದರ್ಶಕಗಳು ಬಿದ್ದಿದ್ದವು. ಎಲ್ಲದರ ಮಸೂರಕ್ಕೂ ಬೂಸು, ಗೇರುಗಳು ಹಿಡಿದುಕೊಂಡಿದ್ದವು. ಅವರು ಒಂದೊಂದಾಗಿ ಮೇಜಿಗೆ ತರಿಸಿಕೊಂಡು ಬಿಚ್ಚಲು ಕೂತರು. ಅತ್ತ ಮೇಡಂ ಕೊಯ್ಯುತ್ತಿದ್ದರೆ ಇತ್ತ ಇವರು ಒರೆಸುತ್ತಿದ್ದರು. ಮಾತು ಕಡಿಮೆ. ಹನ್ನೊಂದಕ್ಕೆ ಥರ್ಮಾಸಿನ ಚಹಾ, ಒಂದಕ್ಕೆ ಜೋಳದ ರೊಟ್ಟಿ, ಪುಂಡಿಪಲ್ಯ. ಊಟವಾದ ಮೇಲೆ ಅವರು ಬೆಂಚಿನ ಮೇಲೆ ಒರಗಿದರೆ ಮೇಡಂ ಚಕ್ರ ತಿರುಗಿಸುವುದನ್ನು ನಿಲ್ಲಿಸುತ್ತಿದ್ದರು, ಸದ್ದಾಗಬಾರದೆಂದು.

"ನಿಲ್ಲಸಬ್ಯಾಡ" ಎನ್ನುತ್ತಿದ್ದರು ಅವರು ಕಣ್ಣುಮುಚ್ಚಿಕೊಂಡೇ. "ಆ ಸದ್ದಿಗೆ ನಿದ್ದಿ ಹತ್ತತದ ನನಗ."

ಹದಿನಾಲ್ಕನೆಯ ದಿನ ತೊಟ್ಟಿಲು ಎರಡು ಅಂಕಿ ಕೊಟ್ಟಿತು. ಒಬ್ಬರೇ ಮನುಷ್ಯ, ಒಂದೇ ಗಡ್ಡೆ. ಲಿಫ್ಟಿನಲ್ಲಿ ಬಂದ ಪಾಲಿಗೆ ಮೂವತ್ತೊಂದು. ಬೀದರಿಗೆ ಹೋಗಿ ಬಂದ ಪಾಲಿಗೆ ಎಂಬತ್ಮೂರು.

ನಾನು ಕುರ್ಚಿಯಲ್ಲಿ ಕೂತು ಜಿಲ್ಲೆಗಳಿಂದ ಚೂರು ಬರತೊಡಗಿದ ಆರು ವರ್ಷಗಳನ್ನು ಹಿಂದಕ್ಕೆ ಎಣಿಸಿದೆ. ಇಷ್ಟು ದಿನ ಯಾರಿಗೂ ಯಾಕೆ ಗೊತ್ತಾಗಲಿಲ್ಲ? ಉತ್ತರ ಸರಳವಾಗಿತ್ತು, ಅದಕ್ಕೇ ಭಯಂಕರವಾಗಿತ್ತು. ನಾವು ಐದು ತಿಂಗಳು ಎಂದವರಿಗೆ ಗುಳಿಗೆ ಕೊಡಲಿಲ್ಲ. ಗುಳಿಗೆ ಇಲ್ಲದೆ ಅವರು ತೀರಿಕೊಂಡರು. ತೀರಿಕೊಂಡದ್ದನ್ನು ನೋಡಿ ನಾವು, ಯಂತ್ರ ಎಷ್ಟು ಕರಾರುವಾಕ್ಕಾಗಿ ಹೇಳುತ್ತದೆ ನೋಡಿ ಎಂದೆವು. ಪ್ರತಿ ಸಾವೂ ನಮ್ಮ ಯಂತ್ರಕ್ಕೆ ಒಂದೊಂದು ಶಹಬ್ಬಾಸಿಯಾಗಿತ್ತು.

ನಿರ್ದೇಶಕರು ಎರಡನೆಯ ಅಧ್ಯಯನ ಆಗಲಿ, ಜನ ಗಾಬರಿಯಾಗುತ್ತಾರೆ ಎಂದರು. "ಆಗಲಿ ಸರ್" ಎಂದು ಹೊರಗೆ ಬಂದು ನಾನೇ ತೊಟ್ಟಿಲುಗಳ ಸ್ವಿಚ್ ಆರಿಸಿದೆ. ಹತ್ತೊಂಬತ್ತು ಜಿಲ್ಲೆಗೂ ನನ್ನ ಸಹಿ ಹಾಕಿ ಪತ್ರ ಕಳಿಸಿದೆ. ವಿಷಯ ನ್ಯಾಯಾಲಯಕ್ಕೆ ಹೋಯಿತು. ಮರುವರ್ಷ ವಿಚಾರಣೆ ನಡೆಯಿತು, ನನ್ನ ಹುದ್ದೆ ಹೋಯಿತು, ಎರಡು ವರ್ಷದ ನಂತರ ಮರಳಿ ಬಂತು. ಅದನ್ನೆಲ್ಲ ಇಲ್ಲಿ ಬೆಳೆಸುವುದಿಲ್ಲ.

ಅಂಕಿ ಎಪ್ಪತ್ತೈದು ದಾಟಿದ ದೂರದೂರಿನವರ ಅಚ್ಚುಗಳು ಸಾವಿರದ ನೂರಕ್ಕೂ ಹೆಚ್ಚಿದ್ದವು. ಅವರಲ್ಲಿ ಆಗ ಬದುಕಿದ್ದವರು ನೂರ ಎಂಬತ್ತೇಳು ಜನ. ಮೊದಲು ಅವರದೇ ಕೊಯ್ಯಬೇಕೆಂದು ಮೇಡಂ ಪಟ್ಟಿ ಮಾಡಿಸಿದರು. ಜಿಲ್ಲೆಗಳಿಂದ ಆರು ಜನ ತಂತ್ರಜ್ಞರು ಕಲಿಯಲು ಬಂದರು. ಎಲ್ಲ ಇಪ್ಪತ್ತೈದರ ಆಸುಪಾಸಿನವರು, ಮೇಣ ಕೊಯ್ದು ಗೊತ್ತಿಲ್ಲದವರು. ಮೇಡಂ ಅವರ ಬೆರಳುಗಳನ್ನು ಹಿಡಿದು ಚಕ್ರದ ಮೇಲಿಟ್ಟು ಬೈಯುತ್ತಾ ಕಲಿಸಿದರು. ಮೌನೇಶಪ್ಪ ಅವರಿಗೆ ಮಸೂರ ಒರೆಸುವುದನ್ನು ತೋರಿಸುತ್ತಿದ್ದರು. ಒಳಗಿನಿಂದ ಹೊರಗೆ, ಸುರುಳಿಯಾಗಿ, ಒತ್ತದೆ. ಆ ನಾಲ್ಕು ತಿಂಗಳು ತಳಮನೆ ತುಂಬ ಮೇಣದ ವಾಸನೆ, ಝೈಲೀನ್ ವಾಸನೆ, ಬೈಗುಳ, ನಗು. ನನ್ನ ಆಯುಷ್ಯದ ಅತ್ಯಂತ ಕೆಟ್ಟ ದಿನಗಳು ಅವು. ಆದರೂ ಈಗ ನೆನೆದರೆ ಕಣ್ಣೆದುರು ಬರುವುದು ಬೆಂಚಿನ ಮೇಲೆ ಒರಗಿದ ಮೌನೇಶಪ್ಪನವರೂ, ಅವರ ಕಡೆ ಒಂದು ಕಣ್ಣಿಟ್ಟೇ ಚಕ್ರ ತಿರುಗಿಸುವ ಮೇಡಮ್ಮೂ. ಆ ದಿನಗಳು ಮತ್ತೆ ಬೇಕು ಅನಿಸುತ್ತದೆ. ಹಾಗನಿಸಿದ್ದಕ್ಕೆ ನಾಚಿಕೆಯೂ ಆಗುತ್ತದೆ.

ನೂರ ಎಂಬತ್ತೇಳರಲ್ಲಿ ಎಪ್ಪತ್ತೆರಡು ಜನರ ಅಂಕಿ ಸುಳ್ಳಾಗಿತ್ತು. ಅವರಿಗೆಲ್ಲ ಗುಳಿಗೆ ಶುರುವಾಯಿತು.

ಆಗಸ್ಟಿನಲ್ಲಿ ಮೌನೇಶಪ್ಪನವರಿಗೆ ಮೆಟ್ಟಿಲು ಇಳಿಯಲಾಗಲಿಲ್ಲ. ಏಳನೆಯ ಸೂಕ್ಷ್ಮದರ್ಶಕವನ್ನು ಮನೆಗೆ ತರಿಸಿಕೊಂಡು ಮಂಚದ ಮೇಲೆಯೇ ಬಿಚ್ಚಿ ಕೂಡಿಸಿದರು. ಗಣೇಶ ಚೌತಿಯ ಮಾರನೆಯ ಬೆಳಿಗ್ಗೆ, ಮೇಡಂ ಹಲ್ಲುಜ್ಜಿಸಿ ಮುಖ ಒರೆಸುತ್ತಿದ್ದಾಗ, "ಸಾಕು, ಕೈ ಸೋತಿರಬೇಕು ನಿನಗ" ಎಂದರಂತೆ. ಅದೇ ಕೊನೆಯ ಮಾತು. ಅಂಕಿ ಹೇಳಿದ್ದಕ್ಕೆ ಸರಿಯಾಗಿ ಐದು ತಿಂಗಳಾಗಿತ್ತು.

ಹದಿಮೂರು ದಿನ ಕಳೆದ ಮೇಲೆ ಮೇಡಂ ಲ್ಯಾಬಿಗೆ ಬಂದು ತೀರಿಕೊಂಡವರ ಅಚ್ಚುಗಳನ್ನು ಶುರುಮಾಡಿದರು. ಇನ್ನು ಅದರಿಂದ ಯಾರೂ ಬದುಕುವಂತಿರಲಿಲ್ಲ. ಆದರೆ ಮನೆಯವರಿಗೆ ಗೊತ್ತಾಗಬೇಕೆಂದು ನ್ಯಾಯಾಲಯವೂ ಹೇಳಿತ್ತು, ನಮಗೂ ಅನಿಸಿತ್ತು. ಅಂಕಿ ಸುಳ್ಳಾಗಿದ್ದವರದು ಒಟ್ಟು ಮುನ್ನೂರ ನಲವತ್ತು ಮನೆ. ಹೆಚ್ಚಿನವರಿಗೆ ಜಿಲ್ಲೆಯ ವೈದ್ಯರು ಹೋಗಿ ಹೇಳಿದರು. ಮೊದಲ ಹತ್ತು ಗಾಜಿನಲ್ಲಿ ಕಂಡ ಆರು ಜನರ ಮನೆಗೆ ಮಾತ್ರ ನಾವೇ ಹೋಗಬೇಕೆಂದು ಮೇಡಂ ಹಟ ಹಿಡಿದರು.

ಆ ಮೂರನೆಯ ಗಾಜು ಸಿಂಧನೂರಿನ ಅಮರೇಶ ಎಂಬವರದು. ಅಕ್ಕಿ ಗಿರಣಿಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದವರು, ಐವತ್ತೆರಡು ವರ್ಷ. ತೀರಿಕೊಂಡು ವರ್ಷವಾಗಿತ್ತು. ಅವರ ಹೆಂಡತಿ ಹುಲಿಗೆಮ್ಮ ನಮ್ಮನ್ನು ಪಡಸಾಲೆಯಲ್ಲಿ ಕೂರಿಸಿ, ನೀರು ಕೊಟ್ಟು, ಎದುರಿಗೆ ಗೋಡೆಗೊರಗಿ ಕೂತರು. ನಾನು ಎಲ್ಲವನ್ನೂ ಹೇಳಿದೆ. ದಾರಿಯಲ್ಲಿ ಕೋಶಗಳು ಹೆದರಿದ್ದು, ನಾವು ತಪ್ಪು ಓದಿದ್ದು, ಗುಳಿಗೆ ಕೊಡದೇ ಇದ್ದದ್ದು.

ಮುಗಿದ ಮೇಲೆ ಹುಲಿಗೆಮ್ಮ ಕೇಳಿದರು:

"ಗುಳಿಗಿ ಕೊಟ್ಟಿದ್ರ ಎಷ್ಟು ದಿನ ಇರ್ತಿದ್ರು?"

"ಎರಡು ವರ್ಷ. ಮೂರೂ ಆಗಬಹುದಿತ್ತು. ಕೆಲವರು ಇನ್ನೂ ಹೆಚ್ಚು ಬದುಕಿದಾರೆ."

"ಅವರು ಕೇಳಿದ್ರು ನನ್ನ. ಗುಳಿಗಿ ಕೊಡಾಕ ಹೇಳು, ಹೆಂಗಾರ ಮಾಡಿ ಕೇಳು ಅಂದ್ರು. ಮಶೀನು ಬ್ಯಾಡ ಅಂದೈತಿ, ಸುಮ್ಮನ ಮಲಗ್ರಿ ಅಂತ ನಾನಽ ಬೈದೆ." ಹುಲಿಗೆಮ್ಮ ತಮ್ಮ ಕೈಗಳನ್ನು ನೋಡಿಕೊಂಡರು. ಆಮೇಲೆ ಮೇಡಂ ಕಡೆ ತಿರುಗಿದರು. "ಈ ಅಮ್ಮ ಯಾರು?"

"ನಾ ಗಾಜು ಕೊಯ್ದಾಕಿ" ಎಂದರು ಮೇಡಂ. "ನನ್ನ ಯಜಮಾನರಿಗೂ ಇದಽ ಆಗಿತ್ರಿ. ಅವರದು ನೋಡಾಕ ಹೋದಾಗ ನಿಮ್ಮವರದು ಕಂಡಿತು."

"ನಿಮ್ಮ ಯಜಮಾನರದೂ ಸುಳ್ಳಿತ್ತೇನು?"

"ಇಲ್ರಿ. ನಮ್ಮದು ಖರೇ ಇತ್ತು. ಅವರು ಹೋಗಿ ಎರಡು ತಿಂಗಳಾತು."

"ನಿಮ್ಮದು ಖರೇ ಇತ್ತಂದ್ರ ನೀವ್ಯಾಕ ಬಂದ್ರಿ ಇಷ್ಟು ದೂರ?"

"ನಿಮ್ಮದು ಸುಳ್ಳಂತ ಕಂಡಾಕಿ ನಾನಽ ಅಲ್ರೀ. ಕಂಡಮ್ಯಾಲೆ ನಾನಽ ಹೇಳಬೇಕು."

ಹೊರಗೆ ಯಾರೋ ಟ್ರ್ಯಾಕ್ಟರ್ ಚಾಲೂ ಮಾಡಿದರು. ಅದರ ಸದ್ದು ದೂರವಾಯಿತು. ಹುಲಿಗೆಮ್ಮ ಬೈಯುತ್ತಾರೆಂದು ನಾನು ಕಾದೆ. ಬೈದರೆ ಒಳ್ಳೆಯದಿತ್ತು. ಅವರು ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋಗಿ, ಎರಡು ತಾಟು ತಂದು ನಮ್ಮ ಮುಂದಿಟ್ಟರು.

"ಬ್ಯಾಡ್ರೀ..." ಎಂದೆ ನಾನು.

"ಉಣ್ರಿ" ಎಂದರು ಹುಲಿಗೆಮ್ಮ. "ನಿಮ್ಮನ್ನ ಮಾಫ್ ಮಾಡೀನಿ ಅಂತ ತಿಳೀಬ್ಯಾಡ್ರಿ. ಉಣ್ಣೂ ಹೊತ್ತಾಗೇತಿ, ದೂರದಿಂದ ಬಂದೀರಿ, ಅದಕ್ಕ."

ಕಸ್ತೂರಿ ಮೇಡಂ ತಾಟು ಹತ್ತಿರ ಎಳೆದುಕೊಂಡರು. ನಾನೂ ಎಳೆದುಕೊಂಡೆ. ಹುಲಿಗೆಮ್ಮ ಬಡಿಸಿದರು, ಅನ್ನ, ಹೆಸರುಬೇಳೆ ಸಾರು, ಹುರಿದ ಮೆಣಸಿನಕಾಯಿ. ಎರಡನೇ ಸಲ ಕೇಳದೆಯೇ ಬಡಿಸಿದರು. ನಾವು ಒಂದಗಳೂ ಬಿಡದೆ ಉಂಡೆವು.